ಹೆಬ್ಬಳ್ಳಿ ಹೊಲ, ಸಪ್ತಾಪುರದ ಒಲೆ

ನಮ್ಮ ಮನೆಯ ಕೆಳಗೆ ಖಾನಾವಳಿ ನಡೆಸುವ ರೇಣವ್ವ ಯಾರಿಗೂ ಹೆದರುವವಳಲ್ಲ. ಪೊಲೀಸ್ ಪರೀಕ್ಷೆಗೆ ಓದುವ ಆಳೆತ್ತರದ ಹುಡುಗರು ತಾಟಿನಲ್ಲಿ ಅನ್ನ ಬಿಟ್ಟರೆ, “ಮುಂದಿನ ಅನ್ನಾನ ಕಾಯಾಕ ಆಗೂದಿಲ್ಲ ನಿನಗ, ಊರ ಏನ್ ಕಾಯ್ತಿ?” ಎಂದು ಎಲ್ಲರೆದುರೇ ಕೇಳುತ್ತಾಳೆ. ಹುಡುಗ ತಲೆ ತಗ್ಗಿಸಿ ತಾಟು ಬಳಿದು ಏಳುತ್ತಾನೆ. ಇಂಥ ಹೆಂಗಸು ಹೆದರುವುದು ಒಂದಕ್ಕೇ, ಹಳೆಯ ನೀರಿಗೆ.

ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ನೀರು ಬರುವ ದಿನ ಇಲ್ಲಿಯ ಹೆಂಗಸರು ಮೊದಲು ಮಾಡುವ ಕೆಲಸವೆಂದರೆ ಇದ್ದ ನೀರನ್ನು ಚೆಲ್ಲುವುದು. ಹೊಸದು ಬರುತ್ತಿರುವಾಗ ಹಳೆಯದು ಮನೆಯಲ್ಲಿರಬಾರದು, ಅದು ಹಳಸಿದ ಅನ್ನದ ಹಾಗೆ ಎಂಬುದು ಅವರ ನಂಬಿಕೆ. ಹಿಂದಿನ ದಿನದವರೆಗೆ ಲೋಟದಲ್ಲಿ ಅಳೆದು ಬಳಸಿದ ನೀರನ್ನೇ ಕೊಡಗಟ್ಟಲೆ ಗಟಾರಕ್ಕೆ ಸುರಿದು, ಹಂಡೆ ತಿಕ್ಕಿ, ಬ್ಯಾರಲ್ಲು ಬೋರಲು ಹಾಕಿ, ನಳದ ಮುಂದೆ ಕೂಡುತ್ತಾರೆ. ನಾನು ಸರಕಾರಿ ಸಾಲೆಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು, ಹೆಸರು ನೀಲಾ. ಕಂಡದ್ದನ್ನು ನೋಡಿಯೂ ಸುಮ್ಮನಿರುವ ಗುಣ ನನ್ನ ಜಾತಕದಲ್ಲೇ ಇಲ್ಲ. ಮಹಡಿಯಿಂದ ಬಗ್ಗಿ, “ರೇಣವ್ವಾ, ನೀರಿಗೆ ಹುಳ ಬಿದ್ದಾವೇನು?” ಎಂದು ಒದರುತ್ತೇನೆ. “ನಿಮಗ ತಿಳಿಯಂಗಿಲ್ಲ ಬಿಡ್ರಿ ಅಕ್ಕೋರ” ಎಂದು ಅವಳು ಇನ್ನೊಂದು ಕೊಡ ಚೆಲ್ಲುತ್ತಾಳೆ. ನನ್ನ ಎರಡೂ ಹೊತ್ತಿನ ಊಟ ಅವಳ ಕೈಯದು, ನಾನು ಅಡಿಗೆಮನೆಗೆ ಹೋಗುವುದು ಚಹಾ ಕಾಸಲಿಕ್ಕೆ ಮಾತ್ರ. ಹಾಗಾಗಿ ಜಗಳ ಅಷ್ಟಕ್ಕೇ ಮುಗಿಯುತ್ತದೆ.

ರೇಣವ್ವ ಹೆಬ್ಬಳ್ಳಿಯವಳು. ಮಗಳನ್ನು ಕಾಲೇಜಿಗೆ ಹಚ್ಚಲು ಧಾರವಾಡದ ಸಪ್ತಾಪುರಕ್ಕೆ ಬಂದು, ನಮ್ಮಪ್ಪ ಹನುಮಪ್ಪ ಮಾಸ್ತರು ಕಟ್ಟಿಸಿದ ಈ ಮನೆಯಲ್ಲಿ ಕೆಳಗಿನ ಕೋಣೆಗಳನ್ನು ಹಿಡಿದಳು. ಮಗಳು ಓದುತ್ತಿದ್ದಾಗ ಸುಮ್ಮನೆ ಕೂಡಲಾರದೆ ಪಕ್ಕದ ಕೋಣೆಯ ಹುಡುಗಿಯರಿಗೆ ನಾಲ್ಕು ರೊಟ್ಟಿ ಬಡಿದು ಕೊಟ್ಟಳು. ಅವರು ತಮ್ಮ ಗೆಳತಿಯರನ್ನು ಕರೆತಂದರು, ಆ ಗೆಳತಿಯರ ಹಿಂದೆ ಹುಡುಗರು ಬಂದರು. ಈ ಓಣಿಯಲ್ಲಿ ಕೋಚಿಂಗ್ ಕ್ಲಾಸಿಗೆಂದು ಬಂದ ಮಕ್ಕಳಿಗೇನು ಬರಗಾಲವೇ? ಮಗಳು ಓದು ಮುಗಿಸಿ ನೌಕರಿ ಹಿಡಿದು ಗದಗಿನ ಕಡೆ ಹೋದಳು. ರೇಣವ್ವ ಹೋಗಲಿಲ್ಲ. “ಮಗಳು ಹ್ವಾದ್ಳು, ಮಕ್ಕಳು ಉಳದ್ವು. ಇವನ್ನ ಉಪಾಸ ಬಿಟ್ಟು ಹೆಂಗ ಹೋಗ್ಲಿ?” ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಆದರೆ ಖಾನಾವಳಿಯ ಜೀವ ಇರುವುದು ಹೆಬ್ಬಳ್ಳಿಯಲ್ಲಿ. ಬದನೆ, ಮೆಂತೆ, ಮೂಲಂಗಿ, ಸೌತೆ, ಹಸಿಮೆಣಸಿನಕಾಯಿ ಎಲ್ಲ ಅಲ್ಲಿಯ ಹೊಲದಲ್ಲಿ ಅವಳ ಗಂಡ ಹೊಳೆಯಪ್ಪ ಬೆಳೆದದ್ದು. ಪೇಟೆಯ ಕಾಯಿಪಲ್ಲೆ ಕೊಂಡು ತಂದರೆ ಬಡವರ ಮಕ್ಕಳಿಗೆ ಹೊಟ್ಟೆ ತುಂಬ ಬಡಿಸುವುದು ಆಗದ ಮಾತು. ಆ ಹೊಲಕ್ಕೆ ಇರುವುದು ಒಂದೇ ಬೋರು. ಮೊದಲು ಕೊರೆಸಿದವು ಬತ್ತಿಹೋಗಿ, ಇದೊಂದು ಕೈ ಹಿಡಿದಿದೆ. “ಈ ಬೋರ್ ಬತ್ತಿದ ದಿನ ನನ್ನ ಒಲಿ ಆರಿತು ಅಂತ ತಿಳೀರಿ ಅಕ್ಕೋರ” ಎಂದು ರೇಣವ್ವ ಬೇಸಿಗೆ ಬಂದಾಗಲೆಲ್ಲ ಹೇಳುತ್ತಾಳೆ.

ಹೊಳೆಯಪ್ಪ ಜೀವಮಾನವಿಡೀ ಕರೆಂಟಿನ ಆಳಾಗಿ ದುಡಿದವನು. ಪಂಪು ಎಳೆಯುವಷ್ಟು ಕರೆಂಟು ಹೊಲಕ್ಕೆ ಬರುವುದು ದಿನದಲ್ಲಿ ಕೆಲವೇ ತಾಸು. ಅದು ಬಂದಾಗ ಉಣ್ಣುವ ತುತ್ತು ಬಿಟ್ಟು ಓಡಬೇಕು. ಬಂದ ಕರೆಂಟನ್ನು ಬಿಡುವುದೆಂದರೆ ಅವನ ಮಟ್ಟಿಗೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಹೊರಗೆ ದೂಡಿದಂತೆ. ಕಾಯಿಪಲ್ಲೆಯ ಚೀಲ ಹೊತ್ತು ಬಸ್ಸಿನಲ್ಲಿ ಬಂದರೂ ಮನಸ್ಸೆಲ್ಲ ಹೊಲದಲ್ಲೇ. ರೇಣವ್ವ ಚಹಾ ಕೊಟ್ಟರೆ ಅರ್ಧ ಕಪ್ಪಿಗೇ ಎದ್ದು, “ಕರೆಂಟ ಬಂತೋ ಏನೋ” ಎಂದು ಹೊರಟುಬಿಡುತ್ತಿದ್ದ. ಗಂಡ ಪೂರ್ತಿ ಊಟ ಮಾಡಿ ಎದ್ದದ್ದನ್ನು ಮದುವೆಯಾದಾಗಿನಿಂದ ನೋಡಿಲ್ಲ ಎಂದು ಅವಳು ಹುಡುಗಿಯರ ಮುಂದೆ ಹಾಸ್ಯ ಮಾಡುತ್ತಿದ್ದಳು.

ಹೋದ ದೀಪಾವಳಿಯ ಹೊತ್ತಿಗೆ ಹೊಲಕ್ಕೆ ಬಿಸಿಲಿನಿಂದ ನಡೆಯುವ ಪಂಪು ಬಂತು. ಬಿಸಿಲು ಬಿದ್ದಾಗ ನೀರು, ಯಾರ ದಾರಿಯನ್ನೂ ಕಾಯಬೇಕಿಲ್ಲ. ರೇಣವ್ವ ಹಿಗ್ಗಿನಿಂದ ಖಾನಾವಳಿಯ ಮಕ್ಕಳಿಗೆಲ್ಲ ಹೋಳಿಗೆ ಮಾಡಿ ಹಾಕಿದಳು. ಇನ್ನು ಗಂಡ ನಿಶ್ಚಿಂತೆಯಿಂದ ಬಂದು, ಕೂತು, ಉಂಡು ಹೋಗುತ್ತಾನೆ ಎಂದುಕೊಂಡಿದ್ದಳು. ಆದದ್ದೇ ಬೇರೆ. ಹೊಳೆಯಪ್ಪ ಬರುವುದನ್ನೇ ಬಿಟ್ಟ. ಚೀಲ ಮಾತ್ರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರತೊಡಗಿತು. ಫೋನು ಮಾಡಿದರೆ, “ಬಿಸಲು ಛಲೋ ಬಿದ್ದೈತಿ, ನಾ ಹೊಲದಾಗ ಅದೇನಿ” ಎಂದಷ್ಟೇ ಉತ್ತರ. ಚೀಲದೊಳಗಿನ ಮೆಂತೆ ಹಳದಿಯಾಗಿ, ಮೂಲಂಗಿ ಸೀಳಿಕೊಂಡು ಬರುತ್ತಿತ್ತು. ಬಿಸಿಲಿನ ಝಳ ಇರಬೇಕು ಎಂದುಕೊಂಡೆವು.

“ಕರೆಂಟ ಇದ್ದಾಗ ಅರ್ಧ ಕಪ್ ಚಾದಷ್ಟರೆ ಗಂಡ ಇದ್ದ. ಬಿಸಲು ಬಂದು ಅದೂ ಹೋತು ನೋಡ್ರಿ” ಎಂದು ರೇಣವ್ವ ನಕ್ಕಳು. ನಕ್ಕರೂ ಅವಳಿಗೆ ನೋವಾಗಿತ್ತು, ನನಗೆ ಗೊತ್ತು.

ಯುಗಾದಿ ಮುಗಿದ ಮೇಲಿನ ಒಂದು ನೀರಿನ ದಿನ. ಹಿಂದಿನ ಸಂಜೆ ಗಾಳಿಮಳೆ ಬಂದು ಎಲ್ಲೋ ದೂರದಲ್ಲಿ ಮರಗಳು ಉರುಳಿ ತಂತಿ ಹರಿದಿದ್ದವು. ಓಣಿಯಲ್ಲಿ ಕರೆಂಟು ಇರಲಿಲ್ಲ. ಅದೇನು ಹೊಸದಲ್ಲವಲ್ಲ ಎಂದು ರೇಣವ್ವ ಎಂದಿನಂತೆ ಬೆಳಿಗ್ಗೆ ಎದ್ದವಳೇ ಇದ್ದ ನೀರನ್ನೆಲ್ಲ ಚೆಲ್ಲಿ, ಬ್ಯಾರಲ್ಲು ತಿಕ್ಕಿ, ನಳ ತಿರುಗಿಸಿದಳು. ಬುಸ್ಸೆಂದು ಗಾಳಿ ಬಂತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ನದಿಯ ನೀರನ್ನು ಊರಿಗೆ ಎತ್ತುವ ಪಂಪಿಗೂ ಕರೆಂಟೇ ಬೇಕು ಎಂಬುದು ಆಗ ಇಡೀ ಓಣಿಗೆ ನೆನಪಾಯಿತು. ಸುತ್ತಲಿನ ಬೋರುಗಳೂ ಕರೆಂಟಿಲ್ಲದೆ ಮಲಗಿದ್ದವು. ಗಿರಣಿಯೂ ಬಂದ್. ಜೋಳದ ಹಿಟ್ಟನ್ನು ಹಿಂದಿನ ದಿನವೇ ಬೀಸಿಸಿಟ್ಟಿದ್ದರಿಂದ ರೊಟ್ಟಿಯ ಚಿಂತೆ ತಪ್ಪಿತ್ತು. ಆದರೆ ಹಿಟ್ಟು ನಾದುವುದಕ್ಕಾದರೂ ನೀರು ಬೇಡವೇ?

ಟ್ಯಾಂಕರಿನವರಿಗೆ ಫೋನು ಮಾಡಿದರೆ, “ಕರೆಂಟ ಇಲ್ಲ, ಎಲ್ಲಿಂದ ತುಂಬ್ಸೂಣ್ರಿ?” ಎನ್ನುವವರೇ ಎಲ್ಲರೂ. ಕೊನೆಗೆ ದಸ್ತಗೀರಸಾಬ ಎಂಬುವನೊಬ್ಬ ಒಪ್ಪಿಕೊಂಡು, ಬಿಸಿಲೇರುವ ಹೊತ್ತಿಗೆ ಟ್ಯಾಂಕರು ತಂದು ಬ್ಯಾರಲ್ಲು ತುಂಬಿಸಿ ಹೋದ. ರೇಣವ್ವ ಅವನಿಗೆ ಕೈಮುಗಿದು ಹರಸಿದಳು. ಆ ಹರಕೆ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ರೇಣವ್ವನ ತೊಗರಿಬೇಳೆಯೆಂದರೆ ಬೆಣ್ಣೆ. ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಆ ಬೇಳೆಯನ್ನು ಬಿಸಿ ರೊಟ್ಟಿಯ ಮೇಲೆ ಸುರಿದುಕೊಂಡು ಉಣ್ಣಲಿಕ್ಕೆಂದೇ ದೂರದ ಕೋಣೆಗಳಿಂದ ಮಕ್ಕಳು ನಡೆದು ಬರುತ್ತಾರೆ. ಅವತ್ತು ದೊಡ್ಡ ಪಾತ್ರೆಯಲ್ಲಿ ಬೇಳೆ ಇಟ್ಟಳು. ಕುದಿಯಿತು. ಮತ್ತೆ ಕುದಿಯಿತು. ಹಿಚುಕಿ ನೋಡಿದರೆ ಹರಳು ಹರಳು. ಉರಿ ದೊಡ್ಡದು ಮಾಡಿದಳು, ಮುಚ್ಚಳದ ಮೇಲೆ ಭಾರ ಹೇರಿದಳು, ಬೇಳೆಗೆ ಬೈದಳು. ಕಡೆಗೆ ಬೇಳೆ ಬೇಯುವ ಮೊದಲು ಸಿಲಿಂಡರೇ ಮುಗಿಯಿತು. ಬೋರಿನ ಗಡುಸು ನೀರು ಹೀಗೇ, ಉರಿ ತಿನ್ನುತ್ತದೆ, ಬೇಳೆ ಬೇಯಿಸುವುದಿಲ್ಲ. ಅವಳು ಬೇರೆ ಸಿಲಿಂಡರು ಹಚ್ಚಿ, ಕಡಲೆಹಿಟ್ಟಿನ ಝುಣಕ ತಿರುವಿ, ಶೇಂಗಾ ಚಟ್ನಿ ಮುಂದಿಟ್ಟು ಮಕ್ಕಳನ್ನು ಸುಧಾರಿಸಿದಳು. ಯಾರೂ ತಕರಾರು ಮಾಡಲಿಲ್ಲ. ಅವಳು ಮಾತ್ರ ಬೇಯದ ಬೇಳೆಯ ಪಾತ್ರೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು.

ಮಧ್ಯಾಹ್ನ ಎದುರು ಮನೆಗೆ ನೀರು ಹಾಕಲು ದಸ್ತಗೀರಸಾಬ ಮತ್ತೆ ಬಂದ. ರೇಣವ್ವ ಸೌಟು ಹಿಡಿದುಕೊಂಡೇ ಹೊರಗೆ ಹೋದಳು.

“ಏನ್ ನೀರು ತಂದು ಹಾಕಿದ್ಯೋ ಅಣ್ಣಾ? ಮುಂಜಾನೆಯಿಂದ ಕುದಸೇನಿ, ಬ್ಯಾಳಿ ಕಲ್ಲ ಆಗಿ ಕುಂತೈತಿ!”

“ನೀರಿಗೆ ಹೆಸರಿಡಬ್ಯಾಡ್ರಿ ಯವ್ವಾ” ಎಂದ ದಸ್ತಗೀರಸಾಬ, ಮನೆಯ ಹಸುವಿಗೆ ಬೈದಷ್ಟು ನೊಂದುಕೊಂಡು. “ಇವತ್ತ ಈ ಸುತ್ತಿನ್ಯಾಗ ನೀರು ಕೊಟ್ಟಾಂವ ಅವನೊಬ್ಬನ. ಹೆಬ್ಬಳ್ಳ್ಯಾಗ ಹೊಳೆಯಪ್ಪ ಅಂತ ಅದಾನ್ರಿ, ಬಿಸಲ ಪಂಪ್ ಐತಿ ಅವಂದು. ಎಲ್ಲಾ ಗಾಡಿ ಅಲ್ಲೇ ಪಾಳಿ ಹಚ್ಯಾವು. ಎಂಥಾ ನೀರಪಾ ಅಂತ ಕೇಳಿದ್ರ ಅಂವಾನ ಹೇಳಿದ, ನಮ್ಮನಿಯಾಕಿ ಇದ ನೀರಾಗ ಅಡಿಗಿ ಕಲತಾಳ, ಈಗ ಧಾರವಾಡದಾಗ ದೊಡ್ಡ ಖಾನಾವಳಿ ಇಟ್ಟಾಳ ಅಂತ. ಆ ಯವ್ವಗ ಬೆಂದ ಬ್ಯಾಳಿ ನಿಮಗ ಬೇಯೂದಿಲ್ಲಂದ್ರ ನಾ ಏನ್ ಮಾಡ್ಲಿ?”

ನನಗೆ ನಗು ತಡೆಯಲಾಗಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ನಿಂತವಳು ಗೊಳ್ಳೆಂದೆ. ರೇಣವ್ವ ತಿರುಗಿ ನೋಡಿದಳು. ಅವಳ ಮುಖದ ಬಣ್ಣ ಹೋಗಿತ್ತು.

“ಮುಂಜಾನೆಯಿಂದ ಗಾಡಿ ತುಂಬಸಾಕತ್ತಾನಾ? ದಿನಾ ತುಂಬಸ್ತಾನೇನು?” ಎಂದು ಕೇಳಿದಳು.

“ಹೂಂ ಯವ್ವಾ, ಶಿವರಾತ್ರಿ ಆದಾಗಿಂದ. ಬಿಸಲು ಇರೂತನ.”

“ಗಾಡಿ ತಗೀರಿ ಅಕ್ಕೋರ, ಹೆಬ್ಬಳ್ಳಿಗೆ ಹೋಗೂಣು” ಎಂದಳು ರೇಣವ್ವ. ನಾನು ಸ್ಕೂಟರ್ ತೆಗೆದೆ. ಅವಳು ಸೌಟು ಹಿಡಿದುಕೊಂಡೇ ಹಿಂದೆ ಕೂತಳು.

ಹೊಲದಲ್ಲಿ ಹೊಳೆಯಪ್ಪ ಸೋಲಾರ್ ಹಲಗೆಗಳ ನೆರಳಿಗೆ ಗೋಣಿತಟ್ಟು ಹಾಸಿಕೊಂಡು ಅರಸನಂತೆ ಕೂತಿದ್ದ. ಪೈಪಿನಿಂದ ನೀರು ಒಂದು ಟ್ಯಾಂಕರಿನೊಳಗೆ ಬೀಳುತ್ತಿತ್ತು. ಆಚೆ ಬದನೆಯ ಸಾಲುಗಳಲ್ಲಿ ನೀರು ನಿಂತು ಎಲೆಗಳು ಹಳದಿಯಾಗಿದ್ದವು, ಮೆಂತೆಯ ಒಂದು ಮಡಿ ಕೊಳೆತು ನಾರುತ್ತಿತ್ತು. “ಬರ್ರಿ ಬರ್ರಿ ಅಕ್ಕೋರ” ಎಂದು ಸಂಭ್ರಮದಿಂದ ಎದ್ದವನು ಹೆಂಡತಿಯ ಮುಖ ನೋಡಿ ಅಲ್ಲೇ ನಿಂತ.

“ಬಂದ್ ಮಾಡ್ರಿ ಅದನ್ನ” ಎಂದಳು ರೇಣವ್ವ.

“ಬಿಸಲು ಇನ್ನೂ ಐತಲ್ಲ” ಎಂದ ಹೊಳೆಯಪ್ಪ.

“ರೊಕ್ಕದ ಆಸೇಕ ನೀರು ಮಾರಾಕ ನಿಂತೀರೇನು?”

“ರೊಕ್ಕ ಕೊಡ್ತಾರ, ಇಸಗೋತೇನಿ. ಅದಕ್ಕಲ್ಲ.” ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ಹೊಲಕ್ಕ ಬಿಟ್ಟೆ, ಹೊಲ ಸಾಕ ಅಂತು. ಮೆಂತ್ಯಾ ಕೊಳೀತು. ಬಿಸಲು ಇನ್ನೂ ಇತ್ತು, ಪಂಪ್ ನಡದಿತ್ತು. ಬಂದಿದ್ದನ್ನ ಹೆಂಗ ಬ್ಯಾಡ ಅನ್ನೂದು? ಇವರು ಬಂದು ಕೇಳಿದ್ರು, ಕೊಟ್ಟೆ. ಬಿಸಲು ಸುಮ್ನ ಹೋಗೂದು ನೋಡಾಕ ಆಗೂದಿಲ್ಲ ನನಗ.”

ಅಷ್ಟರಲ್ಲಿ ಪೈಪು ಕೆಮ್ಮಿತು. ನೀರು ನಿಂತು, ಗಾಳಿ ಉಗುಳಿ, ಮತ್ತೆ ಬಂತು. ಇನ್ನೊಮ್ಮೆ ಕೆಮ್ಮಿತು. ರೇಣವ್ವ ಬದುವಿನ ಮೇಲೆ ಕುಸಿದು ಕೂತಳು. ಹಿಂದಿನ ಬೋರು ಬತ್ತುವ ಮೊದಲು ಹೀಗೇ ಕೆಮ್ಮಿತ್ತಂತೆ. ಬೇಸಿಗೆಯ ಅರ್ಧ ದಾರಿಯೂ ಇನ್ನೂ ಮುಗಿದಿರಲಿಲ್ಲ. ಅವಳ ಖಾನಾವಳಿ, ಆ ಮಕ್ಕಳು, ನನ್ನ ಎರಡು ಹೊತ್ತಿನ ಊಟ, ಎಲ್ಲ ಆ ಪೈಪಿನ ಬಾಯಲ್ಲಿ ನಿಂತಿದೆ ಎನಿಸಿತು.

“ಬಿಸಲು ನಾಳೆನೂ ಬರತೈತ್ರಿ, ನಾಡದಾನೂ ಬರತೈತಿ” ಎಂದಳು ರೇಣವ್ವ, ಕಣ್ಣಲ್ಲಿ ನೀರು ತುಂಬಿಕೊಂಡು. “ಈ ನೀರು ಒಮ್ಮೆ ಮುಗೀತಂದ್ರ ನಿಮ್ಮ ಬಿಸಲು ತಗೊಂಡು ನಾ ಏನ್ ಕುದಸ್ಲಿ?”

ಹೊಳೆಯಪ್ಪ ಪೈಪಿನ ಬಾಯಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, “ಇವತ್ತ ನಿಮ್ಮ ಓಣ್ಯಾಗ ನೀರಿನ ದಿನ ಹೌದಲ್ಲ? ಮುಂಜಾನೆ ನಳ ತಿರುವೂಕಿಂತ ಮೊದ್ಲ ಎಷ್ಟು ನೀರು ಚೆಲ್ಲಿದಿ?”

“ಅದು ಹಳೇ ನೀರು.”

“ಹಳೇ ನೀರಾಗ ಬ್ಯಾಳಿ ಬೇಯತಿದ್ದಿಲ್ಲೇನು?”

ಎಷ್ಟೋ ವರ್ಷದಿಂದ ಮಹಡಿಯ ಮೇಲಿಂದ ಒದರಿ ಒದರಿ ನಾನು ಗೆಲ್ಲಲಾಗದ ಜಗಳವನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ಗೆದ್ದಿದ್ದ. ಚಪ್ಪಾಳೆ ತಟ್ಟುವ ಆಸೆಯಾಯಿತು, ಆದರೆ ಸಂಜೆಯ ಊಟದ ನೆನಪಾಗಿ ಕೈ ಕಟ್ಟಿಕೊಂಡೆ.

“ನಾ ಚೆಲ್ಲೂದು ಬಿಟ್ರ ನೀವು ಬಂದ್ ಮಾಡ್ತೀರೇನು?” ಎಂದು ಕಡೆಗೆ ರೇಣವ್ವ ಕೇಳಿದಳು.

ಹೊಳೆಯಪ್ಪ ಪಂಪಿನ ಡಬ್ಬಿಯ ಹತ್ತಿರ ಹೋಗಿ ಗುಂಡಿಯ ಮೇಲೆ ಬೆರಳಿಟ್ಟ. ಇಟ್ಟವನು ಒತ್ತಲಿಲ್ಲ. “ಈ ಕೈ ಬರೇ ಚಾಲೂ ಮಾಡೂದು ಕಲತೈತಿ” ಎಂದ. “ಬಂದ್ ಮಾಡೂದು ಯಾವಾಗ್ಲೂ ಕರೆಂಟ ತಾನ ಮಾಡತಿತ್ತು. ನಾ ಒಮ್ಮೆನೂ ಮಾಡಿಲ್ಲ.” ಅವನ ಮೇಲೆ ಸಿಟ್ಟಾಗಬೇಕೆಂದು ಬಂದವಳು ನಾನು, ಸಿಟ್ಟೇ ಬರಲಿಲ್ಲ.

ಅವತ್ತು ಅವನು ಒತ್ತಲೂ ಇಲ್ಲ. ಹೊತ್ತಿಳಿದು, ಬಿಸಿಲು ಸೋತು, ಪಂಪು ತಾನಾಗಿ ನಿಂತಿತು. ಟ್ಯಾಂಕರು ಅರ್ಧ ತುಂಬಿಕೊಂಡೇ ಹೊರಟುಹೋಯಿತು. ನಾವೂ ತಿರುಗಿ ಬಂದೆವು. ದಾರಿಯಲ್ಲಿ ರೇಣವ್ವ, “ಅವರ ಕೈಲೆ ಆಗೂದಿಲ್ಲ ಬಿಡ್ರಿ” ಎಂದಳು. “ನಿನ್ನ ಕೈಲೆ ಆಗತೈತೇನು?” ಎಂದು ಕೇಳಿದೆ.

ಮರುದಿನ ಕರೆಂಟು ಬಂತು, ನಳವೂ ಬಂತು, ಬೇಳೆ ಬೆಣ್ಣೆಯಾಯಿತು. ಖಾನಾವಳಿ ಎಂದಿನಂತೆ ನಡೆಯಿತು. ರೇಣವ್ವ ಮಾತ್ರ ದಿನಾ ಒಂದು ಸಲ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಬಿಸಿಲು ನೋಡಿ ಒಳಗೆ ಹೋಗುತ್ತಿದ್ದಳು. ಹೆಬ್ಬಳ್ಳಿಗೆ ಫೋನು ಮಾಡಲಿಲ್ಲ. ಪಂಪು ಬಂದ್ ಮಾಡಿದಿರೇನು ಎಂದು ಕೇಳಿದರೆ ಹೂಂ ಎಂದು ಸುಳ್ಳು ಹೇಳಿಯಾರು, ಅವರು ಸುಳ್ಳು ಹೇಳುವ ಹಾಗೆ ಮಾಡುವುದು ಬೇಡ ಎಂದು ಅವಳ ವಿಚಾರ.

ಮುಂದಿನ ನೀರಿನ ದಿನ ಬಂತು. ಬೆಳಿಗ್ಗೆ ಓಣಿಯ ತುಂಬ ಕೊಡಗಳ ಸದ್ದು, ಗಟಾರದಲ್ಲಿ ನೀರು ಹರಿಯುವ ಸದ್ದು. ನಾನು ಬೇಕೆಂದೇ ಮಹಡಿಯಿಂದ ಬಗ್ಗಲಿಲ್ಲ. ಕೆಳಗೆ ರೇಣವ್ವ ಚೆಲ್ಲಿದಳೋ ಬಿಟ್ಟಳೋ ಕೇಳಿಸಬಾರದೆಂದು ಫ್ಯಾನು ಜೋರು ಮಾಡಿಕೊಂಡು ಪೇಪರು ಓದುತ್ತ ಕೂತೆ. ನನ್ನಂಥವಳು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ದೊಡ್ಡ ವ್ರತವೇ ಸರಿ.

ಮಧ್ಯಾಹ್ನ ಊಟಕ್ಕೆ ಇಳಿದೆ. ಹೊರಗೆ ರಣಬಿಸಿಲು, ಡಾಂಬರಿನ ಮೇಲೆ ಕಾಲಿಡುವ ಹಾಗಿರಲಿಲ್ಲ. ಖಾನಾವಳಿ ಮಕ್ಕಳಿಂದ ತುಂಬಿತ್ತು. ನಾನು ತಾಟು ಎಳೆದುಕೊಳ್ಳುವುದಕ್ಕೂ ಬಾಗಿಲಲ್ಲಿ ನೆರಳು ಬೀಳುವುದಕ್ಕೂ ಸರಿಹೋಯಿತು. ಹೊಳೆಯಪ್ಪ! ಹೆಗಲ ಮೇಲೆ ಚೀಲ, ಚೀಲದ ಬಾಯಿಂದ ಹಸಿರು ಮೆಂತೆ ಇಣುಕುತ್ತಿತ್ತು.

ರೊಟ್ಟಿ ಬಡಿಯುತ್ತಿದ್ದ ರೇಣವ್ವನ ಕೈ ನಿಂತಿತು. ಅವಳು ಗಂಡನನ್ನು ನೋಡಿದಳು, ಅವನ ಹಿಂದೆ ಬೀದಿಯಲ್ಲಿ ಸುರಿಯುತ್ತಿದ್ದ ಬಿಸಿಲನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು. “ಪಂಪ್...” ಎಂದು ನಾನು ಬಾಯಿ ತೆಗೆದೆ. ರೇಣವ್ವ ನನ್ನ ಕಡೆ ಕಣ್ಣು ಬಿಟ್ಟಳು. ನಾನು ರೊಟ್ಟಿ ಮುರಿದುಕೊಂಡೆ.

ಹೊಳೆಯಪ್ಪ ಚೀಲ ಇಳಿಸಿ, ಹುಡುಗರ ನಡುವೆ ಜಾಗ ಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ರೇಣವ್ವ ಹಿತ್ತಾಳೆಯ ಲೋಟದಲ್ಲಿ ನೀರು ತಂದು ಮುಂದಿಟ್ಟಳು. ಅವನು ಲೋಟ ಎತ್ತಿದವನು ಬಾಯಿಗಿಡದೆ ಕೇಳಿದ.

“ಇವತ್ತಿನ ನೀರೇನು ಇದು?”

“ಅಲ್ರಿ” ಎಂದಳು ರೇಣವ್ವ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. “ಹ್ವಾದ ವಾರದ್ದು.”

ಹೊಳೆಯಪ್ಪ ಗಟಗಟನೆ ಅಷ್ಟೂ ಕುಡಿದು ಲೋಟ ಮುಂದೆ ಹಿಡಿದ.

“ಇನ್ನಷ್ಟು ಹಾಕು. ಆಮ್ಯಾಲೆ ಬ್ಯಾಳಿ ಹಾಕು, ರೊಟ್ಟಿ ಹಾಕು, ಅನ್ನಾನೂ ಹಾಕು. ಇವತ್ತ ನನಗ ಗಡಿಬಿಡಿ ಏನಿಲ್ಲ.”